ಕೈಹೊತ್ತಿಗೆಯ ಸಾರಥ್ಯ

ಹರಿಹರ ತಾಲ್ಲೂಕಿನಲ್ಲಿ ಸಾರಥಿಯೆಂಬ ಗ್ರಾಮವೊಂದುಂಟು. ಆ ಹೆಸರು ಅದಕ್ಕೆ ಹೇಗೆ ಬಂದಿತೋ ಆ ವಿಚಾರ ಹಾಗಿರಲಿ. ಅಪರಿಚಿತವಾದ ಊರಿಗೆ ಕಾಲಿಟ್ಟ ಪ್ರವಾಸಿಗೆ ಮೊದಲು ಬೇಕಾದುದು ಯಾವುದೆಂಬುದನ್ನು ಅದು ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಭಾರತದ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಮೂವರು ಸಾರಥಿಗಳು ಪರಿಚಿತರು. ಪಾರ್ಥನ ರಥವನ್ನು ನಡೆಸಿದ ಕೃಷ್ಣನು ಮೊದಲನೆಯವನು. ಅಂಥವನು ದೊರೆಯುವುದು ಪುಣ್ಯದ ಮಾತು. ಕರ್ಣನ ರಥದ ಮುಂದೆ ಕುಳಿತು ಹೆಜ್ಜೆಹೆಜ್ಜೆಗೂ ಅವನ ಎದೆಗುಂದಿಸಿದ ಶಲ್ಯನು ಎರಡನೆಯವನು. ಬೆದರಿ ರಥದಿಂದ ಧುಮುಕಿ ಓಡುತ್ತಿದ್ದ ಉತ್ತರಕುಮಾರನನ್ನು ಹಿಡಿದು ತಂದು, ಬನ್ನಿಯ ಮರದ ಮೇಲೆ ಏನನ್ನು ಬಚ್ಚಿಟ್ಟಿದೆಯೆಂಬುದನ್ನು ತೋರಿಸಿಕೊಟ್ಟ ಬೃಹನ್ನಳೆ ಮೂರನೆಯವಳು.

ದಾವಣಗೆರೆ ಹರಿಹರಗಳನ್ನು ನೋಡಬೇಕೆಂದು ಎರಡು ದಿನದ ಬಿಡುವು ಮಾಡಿಕೊಂಡು ಬರುವವನಿಗೆ ಇಂದು ಸುಲಭವಾಗಿ ದೊರೆಯುವವನು ಶಲ್ಯನೇ. "ಇಲ್ಲಿ ನೋಡುವುದಕ್ಕೆ ಏನಿದೆ ಸ್ವಾಮಿ? ಬೆಣ್ಣೆದೋಸೆ ತಿಂದು ಮುಂದಕ್ಕೆ ಹೋಗಿ, ಹಂಪೆ ಇದೆ, ಜೋಗವಿದೆ" ಎಂಬ ಉತ್ತರವನ್ನು ಊರಿನವರೇ ಕೊಡುತ್ತಾರೆ, ಅದೂ ವಿನಯವೆಂದು ಭಾವಿಸಿ ಕೊಡುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಇನ್ನು ಕೆಲವರು ವಿದ್ಯಾವಂತರು ಮತ್ತೊಂದು ವಾದವನ್ನು ಹೂಡುತ್ತಾರೆ: ಮೊಬೈಲ್ ಫೋನು ಎಲ್ಲರ ಕೈಯಲ್ಲಿರುವಾಗ ಪ್ರವಾಸಿಗರ ಕೈಹೊತ್ತಿಗೆಯೆಂಬುದು ಕಾಲ ಮುಗಿದ ಪದಾರ್ಥ; ಅದನ್ನು ಅಚ್ಚು ಹಾಕುವುದು ಕಾಗದಕ್ಕೆ ಕೇಡು, ಓದುವುದು ಕಾಲಕ್ಕೆ ಕೇಡು. ಈ ಎರಡು ಮಾತುಗಳೂ ಹುಸಿ. ಅದರಲ್ಲಿಯೂ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುತ್ತಿದೆ. ಏಕೆಂದರೆ ಅದು ಜಾಣತನದ ವೇಷವನ್ನು ತೊಟ್ಟು ಬಂದಿದೆ.

ಪ್ರತಿಪಕ್ಷದವರಿಗೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಿಬಿಡುವುದು ನ್ಯಾಯ. ರೈಲು ಎಷ್ಟು ಹೊತ್ತಿಗೆ ಬರುತ್ತದೆ, ವಸತಿಗೆ ಎಷ್ಟು ಬಾಡಿಗೆ, ಯಾವ ಬೀದಿಯಿಂದ ಯಾವ ಬೀದಿಗೆ ತಿರುಗಬೇಕು, ಊಟದ ಮನೆ ಇಂದು ತೆರೆದಿದೆಯೆ ಇಲ್ಲವೆ—ಇವುಗಳನ್ನು ತಿಳಿಸುವುದರಲ್ಲಿ ಫೋನಿಗೆ ಎಣೆಯಿಲ್ಲ. ಇಂಥ ಸಂಗತಿಗಳನ್ನು ಅಚ್ಚು ಮಾಡಿದ ಹೊತ್ತಿಗೆ ಆರು ತಿಂಗಳಲ್ಲಿ ಹಳಸುತ್ತದೆ. ಆದುದರಿಂದ "ಫೋನಿನ ವಿದ್ಯುತ್ತು ತೀರಿದರೆ ಏನು ಗತಿ, ಸಂಕೇತ ಸಿಕ್ಕದಿದ್ದರೆ ಏನು ಗತಿ" ಎಂದು ಹೊತ್ತಿಗೆಯ ಪಕ್ಷವನ್ನು ವಹಿಸುವವರು ತಮ್ಮ ಪಕ್ಷವನ್ನೇ ದುರ್ಬಲಗೊಳಿಸುತ್ತಾರೆ. ಆಪತ್ತಿಗೆ ಮಾತ್ರ ಆಗುವ ವಸ್ತುವನ್ನು ಯಾರೂ ಪ್ರೀತಿಯಿಂದ ಕಿಸೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊತ್ತಿಗೆಯ ಉಪಯೋಗ ಬೇರೆ ಎಡೆಯಲ್ಲಿದೆ. ಫೋನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಳ್ಳೆಯ ಹೊತ್ತಿಗೆ ಕೇಳಲು ಹೊಳೆಯದ ಪ್ರಶ್ನೆಯನ್ನೇ ಎತ್ತಿಕೊಡುತ್ತದೆ. ಹೆಸರನ್ನೇ ಕೇಳಿಲ್ಲದವನು ಆ ಹೆಸರನ್ನು ಹುಡುಕುವುದು ಹೇಗೆ?

ಮಾತನ್ನು ಹರಿಹರದಲ್ಲಿಯೇ ಪರೀಕ್ಷಿಸಬಹುದು. ದಾವಣಗೆರೆಗೆ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರೇಶ್ವರನ ದೇವಾಲಯವಿದೆ. ಪ್ರವಾಸಿ ಬಂದು ಕೈಮುಗಿಯುತ್ತಾನೆ. ಬಲಭಾಗ ಹರನಾಗಿ ಎಡಭಾಗ ಹರಿಯಾಗಿ ನಿಂತ ಮೂರ್ತಿಯನ್ನು ನೋಡುತ್ತಾನೆ. ಗುಹಾಸುರನನ್ನು ಕೊಲ್ಲಲು ಇಬ್ಬರು ದೇವರೂ ಒಂದಾದ ಕಥೆಯನ್ನು ಯಾರಾದರೂ ಹೇಳಿದರೆ ಕೇಳುತ್ತಾನೆ. ತನ್ನದೊಂದು ಚಿತ್ರವನ್ನು ತೆಗೆದುಕೊಂಡು ಹೊರಟುಹೋಗುತ್ತಾನೆ. ಒಟ್ಟು ಕಾಲು ತಾಸಿನ ಕೆಲಸ. ಫೋನು ಅವನನ್ನು ಬಾಗಿಲವರೆಗೆ ತಪ್ಪಿಲ್ಲದೆ ಕರೆತಂದಿತು. ಅಲ್ಲಿಗೆ ಅದರ ಸಾರಥ್ಯ ಮುಗಿಯಿತು.

ಕೈಹೊತ್ತಿಗೆಯೊಂದು ಅವನ ಕಿಸೆಯಲ್ಲಿದ್ದಿದ್ದರೆ ಆಗುತ್ತಿದ್ದುದು ಬೇರೆ. ಈ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವನೆಂದೂ, ಆತನು ಕವಿಯೂ ಆಗಿದ್ದು ಹರಿಚಾರಿತ್ರವೆಂಬ ಕೃತಿಯ ಕರ್ತೃವೆಂದು ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ಪಡೆದವನೆಂದೂ ಅದು ಹೇಳುತ್ತಿತ್ತು. ಮುಮ್ಮಡಿ ನರಸಿಂಹನ ಕಾಲದಲ್ಲಿ, 1268ರಲ್ಲಿ, ಇಲ್ಲಿಯ ಕಟ್ಟಡವನ್ನು ಬೆಳೆಸಿದ ಸೋಮದಂಡನಾಯಕನೇ ಹತ್ತು ವರ್ಷ ಮೊದಲು ಸೋಮನಾಥಪುರದ ಕೇಶವದೇವಾಲಯವನ್ನು ಪ್ರತಿಷ್ಠೆ ಮಾಡಿದವನೆಂದು ತಿಳಿಸುತ್ತಿತ್ತು. ಸೋಮನಾಥಪುರಕ್ಕೆ ನೂರಾರು ಮೈಲಿ ದೂರದಿಂದ ಜನ ಬರುತ್ತಾರೆ. ಆ ಪುಣ್ಯಾತ್ಮನ ಕೈ ತಾಗಿದ ಮತ್ತೊಂದು ಗುಡಿಯ ಮುಂದೆ ಬಸ್ಸಿಗಾಗಿ ಕಾಯುವವರು ಒಳಗೆ ಇಣಿಕಿಯೂ ನೋಡುವುದಿಲ್ಲ. ಗುಡಿಯ ಆವರಣದಲ್ಲಿರುವ ಹಳಗನ್ನಡದ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚು ಮಾಡಿಸಿ ನೂರು ವರ್ಷಗಳ ಮೇಲಾಯಿತು. ಆ ದಪ್ಪ ಸಂಪುಟವನ್ನು ಹೊತ್ತು ಊರು ನೋಡಲು ಯಾರೂ ಬರಲಾರರು. ಅದರಲ್ಲಿರುವ ನಾಲ್ಕು ಸಾಲುಗಳ ಸಾರವನ್ನು ತಿಳಿಗನ್ನಡದಲ್ಲಿ ಕಿಸೆಗೆ ತಂದುಕೊಡುವುದೇ ಕೈಹೊತ್ತಿಗೆಯ ಕೆಲಸ.

ಇಷ್ಟು ಸಂಗತಿಗಳನ್ನು ಫೋನಿನಲ್ಲಿಯೂ ಓದಬಹುದಲ್ಲ ಎಂದು ಆಕ್ಷೇಪಿಸುವವರು ಇದ್ದಾರೆ. ಓದಬಹುದು, ಬಿಡಿಬಿಡಿಯಾಗಿ ಓದಬಹುದು. ಆದರೆ ಎರಡನ್ನು ಕೂಡಿಸಿ ನೋಡುವ ಕಣ್ಣನ್ನು ಅದು ಕೊಡುವುದಿಲ್ಲ. ಹರಿಹರೇಶ್ವರನ ಮಂಟಪದಲ್ಲಿರುವವು ತಿರುಗಣಿಯಲ್ಲಿ ಕಡೆದ ಕಂಬಗಳು. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು, ಮೇಣವನ್ನು ಕಡೆದಂತೆ ನುಣುಪಾಗಿ ಕಡೆದ ಕೆಲಸ ಅದು. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು; ಅದು ತಯಾರಿಸಿದ ಮುಖ್ಯ ಯಂತ್ರ ಲೇತ್, ಎಂದರೆ ಲೋಹವನ್ನು ತಿರುಗಿಸಿ ಕಡೆಯುವ ತಿರುಗಣಿ. ಏಳುನೂರು ವರ್ಷಗಳ ಅಂತರದಲ್ಲಿ ಒಂದೇ ಊರು ಎರಡು ಸಲ ತಿರುಗಣಿಯಿಂದ ಹೆಸರು ಪಡೆಯಿತು. ಆ ಕಾರ್ಖಾನೆ ಇಂದು ನಡೆಯುತ್ತಿಲ್ಲ. ಅಲ್ಲಿ ದುಡಿದ ಮನೆತನಗಳು ಊರಿನಲ್ಲಿವೆ. ದೇವಾಲಯವನ್ನು ಹುಡುಕಿದವನಿಗೆ ಫೋನು ದೇವಾಲಯವನ್ನು ತೋರಿಸುತ್ತದೆ; ಕಾರ್ಖಾನೆಯನ್ನು ಹುಡುಕಿದವನಿಗೆ ಕಾರ್ಖಾನೆಯನ್ನು ತೋರಿಸುತ್ತದೆ. ಎರಡನ್ನೂ ಒಂದು ಪುಟದ ಮೇಲೆ ಅಕ್ಕಪಕ್ಕದಲ್ಲಿಟ್ಟು, "ಈ ಕಂಬವನ್ನು ಮುಟ್ಟಿ ನೋಡಿ, ಆಮೇಲೆ ಆ ಗೇಟಿನ ಮುಂದೆ ಅರೆಗಳಿಗೆ ನಿಲ್ಲಿ" ಎಂದು ಹೇಳುವುದಕ್ಕೆ ಊರನ್ನು ಪ್ರೀತಿಸಿ ಬರೆದ ಮನುಷ್ಯನೊಬ್ಬನು ಬೇಕು.

ದೇವಾಲಯದಿಂದ ಹೊಳೆಗೆ ಬಂದರೂ ಇದೇ ನ್ಯಾಯ. ಫೋನಿನ ಭೂಪಟದಲ್ಲಿ ತುಂಗಭದ್ರೆ ಒಂದು ನೀಲಿಯ ಗೆರೆ. 1868ರಲ್ಲಿ ಮುಗಿದ, 14 ಕಮಾನುಗಳ ಕಲ್ಲುಗಾರೆಯ ಸೇತುವೆಯ ಮೇಲೆ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಹೊಳೆಯನ್ನು ದಾಟಿತು. ಆದರೆ ದಾಟಿದ್ದು ಹೊಳೆಯನ್ನು ಮಾತ್ರವಲ್ಲ. ಈಚೆಯ ದಡ ಮೈಸೂರು ಸಂಸ್ಥಾನ. ಆಚೆಯದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡು ದಡಗಳಲ್ಲಿಯೂ ಕನ್ನಡವೇ. ದೊರೆತನ ಎರಡು, ಕಾನೂನು ಎರಡು. 1956ರ ನವೆಂಬರ್ 1ರಂದು ಆ ಗಡಿ ಅಳಿಸಿಹೋಯಿತು. ಏಕೀಕರಣವೆಂಬ ಮಾತನ್ನು ಶಾಲೆಯ ಪುಸ್ತಕದಲ್ಲಿ ಓದಿ ಮರೆತ ಬಾಲಕನನ್ನು ಹರಿಹರದ ದಡದಲ್ಲಿ ನಿಲ್ಲಿಸಿ ಆಚೆಯ ದಡವನ್ನು ಬೆರಳಿನಿಂದ ತೋರಿಸಿದರೆ ಆ ಮಾತಿಗೆ ಅರ್ಥ ಬರುತ್ತದೆ. ಈ ಕೆಲಸವನ್ನು ಮಾಡುವುದಕ್ಕೆ ಹೊತ್ತಿಗೆಯ ಆರು ಸಾಲು ಸಾಕು. ಆ ಆರು ಸಾಲಿಲ್ಲದಿದ್ದರೆ ಹೊಳೆ ಬರಿಯ ನೀರು.

ಇನ್ನು ದಾವಣಗೆರೆ. ಇದನ್ನು ದೋಸೆಯ ಊರೆಂದು ಕರೆದು ಮುಗಿಸುವವರು ದೋಸೆಗೂ ಅನ್ಯಾಯ ಮಾಡುತ್ತಾರೆ. 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ತಾಯಿಯೊಬ್ಬಳು ನಾಟಕದ ಥಿಯೇಟರಿನ ಬಳಿ ರಾಗಿಯ ದೋಸೆಯನ್ನು ಹೊಯ್ದು ಮಾರತೊಡಗಿದಳೆಂದೂ, ಮುಂದೆ ಅದೇ ಅಕ್ಕಿ ಬೆಣ್ಣೆಗಳ ದೋಸೆಯಾಯಿತೆಂದೂ ಊರಿನ ಹೇಳಿಕೆ. ಹಾಗಿದ್ದರೆ ದೋಸೆಯ ಕಥೆ ರಂಗಭೂಮಿಯ ಕಥೆಯ ಮಗ್ಗುಲಲ್ಲಿ ಹುಟ್ಟಿದ್ದು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. 2010ರಲ್ಲಿ ಕಾಲವಾದ ಚಿಂದೋಡಿ ಲೀಲಾ ಅವರು ಬಣ್ಣ ಹಚ್ಚಿ ಬೆಳೆದ ಪರಂಪರೆ ಇದು. ತಟ್ಟೆಯ ಮುಂದೆ ಕುಳಿತವನಿಗೆ ಇಷ್ಟನ್ನು ಹೇಳುವ ಒಂದು ಪುಟವಿದ್ದರೆ ದೋಸೆಯ ರುಚಿ ಕೆಡುವುದೆ?

ಊರು ವರ್ತಕರ ಊರಾದುದಕ್ಕೂ ಕಾರಣವುಂಟು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಅಂದಿನ ಪೇಟೆಯೇ ಮುಂದೆ ಹತ್ತಿಯ ಪೇಟೆಯಾಗಿ, ಗಿರಣಿಗಳ ನಗರವಾಗಿ, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ಹೊತ್ತಿತು. ಗಿರಣಿಗಳ ಆ ವೈಭವ ಇಂದಿಲ್ಲ. ಬಿರುದು ಮಾತ್ರ ಭಾಷಣಗಳಲ್ಲಿ ಉಳಿದಿದೆ. ಪ್ರಾಮಾಣಿಕವಾದ ಹೊತ್ತಿಗೆ ಇದನ್ನು ಮುಚ್ಚಿಡಬಾರದು. ಮಂಡಕ್ಕಿ ಭಟ್ಟಿಗಳ ಬಡಾವಣೆಗೆ ಪ್ರವಾಸಿಯನ್ನು ಕರೆದೊಯ್ದರೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸೊಬಗನ್ನು ಹೇಳಿದ ಬಾಯಿಂದಲೇ ಆ ಕಾವಿನ ಮುಂದೆ ದುಡಿಯುವವರ ಬೆವರನ್ನೂ ಹೇಳಬೇಕು. ಕನ್ನಡ ಸಾಹಿತ್ಯ ಸಮ್ಮೇಳನ 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿಯೂ, 1992ರಲ್ಲಿ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿಯೂ ಇದೇ ಊರಿನಲ್ಲಿ ನೆರೆಯಿತೆಂಬುದನ್ನು ಊರಿನ ಎಷ್ಟು ಮಂದಿ ಬಲ್ಲರು? ಅತಿಥಿಗೆಂದು ಬರೆದ ಹೊತ್ತಿಗೆ ಮನೆಯವರಿಗೂ ಪಾಠವಾಗುವುದು ಹೀಗೆ.

ಕೈಹೊತ್ತಿಗೆಯ ಎರಡನೆಯ ಉಪಯೋಗ ಬಿಡುವುದನ್ನು ಕಲಿಸುವುದು. ಎರಡೇ ದಿನದ ಬಿಡುವಿನಲ್ಲಿ ಬಂದವನಿಗೆ ಐವತ್ತು ಸ್ಥಳಗಳ ಪಟ್ಟಿಯನ್ನು ಕೊಡುವುದು ಹಸಿದವನ ಮುಂದೆ ಉಗ್ರಾಣದ ಬೀಗದ ಕೈಗಳನ್ನು ಸುರಿದಂತೆ. ಫೋನಿನ ಪಟ್ಟಿಗೆ ಕೊನೆಯಿಲ್ಲ. ಹೊಗಳಿದವರ ಸಂಖ್ಯೆ ಹೆಚ್ಚಿದ್ದುದು ಮೇಲೆ, ಕಡಮೆಯಿದ್ದುದು ಕೆಳಗೆ. ಹಣ ಕೊಟ್ಟವರ ಹೆಸರು ಎಲ್ಲಕ್ಕಿಂತ ಮೇಲೆ. ಅರುವತ್ತು ಪುಟದ ಹೊತ್ತಿಗೆಯಲ್ಲಿ ಸ್ಥಳವೇ ಇಲ್ಲ. ಆದುದರಿಂದ ಬರೆದವನು ಆರಿಸಲೇಬೇಕು, ಆರಿಸಿದುದಕ್ಕೆ ಹೆಸರು ಹಾಕಿ ಹೊಣೆ ಹೊರಬೇಕು. ಮೊದಲನೆಯ ದಿನ ಬೆಳಗ್ಗೆ ಹರಿಹರದ ಗುಡಿ ಮತ್ತು ಹೊಳೆ. ಮಧ್ಯಾಹ್ನ ದಾವಣಗೆರೆಯ ಪೇಟೆ. ಸಂಜೆ ಕುಂದವಾಡದ ಕೆರೆಯ ಏರಿ. ಎರಡನೆಯ ದಿನವನ್ನು ಪೂರ್ತಿಯಾಗಿ ಚನ್ನಗಿರಿ ತಾಲ್ಲೂಕಿಗೆ ಮೀಸಲಿಡಬೇಕು. ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪನಾಯಕನ ಪುಷ್ಕರಣಿಯೂ ಅದರ ನಡುನೀರಿನ ಮಂಟಪವೂ ಇವೆ. ಅದರ ದಡದಲ್ಲಿಯೇ ಬಿಜಾಪುರದ ಆಳ್ವಿಕೆಯ ಕಾಲದ ಮುಸಾಫಿರ್‌ಖಾನೆ ನಿಂತಿದೆ. ದಾರಿಹೋಕರಿಗೆ ತಂಗಲು ಕಲ್ಲಿನ ಮನೆ ಕಟ್ಟಿದ ನಾಡು ಇದು. ಅಲ್ಲಿಂದ ಸೂಳೆಕೆರೆಯ ನೀರನ್ನು ಕಂಡು ಹಿಂದಿರುಗಬೇಕು. ಉಳಿದುದನ್ನು ಈ ಸಲ ಬಿಡಿ ಎಂದು ಧೈರ್ಯವಾಗಿ ಹೇಳುವ ಹೊತ್ತಿಗೆಯೇ ಹೊತ್ತಿಗೆ. ಬೇರೊಬ್ಬರು ಬೇರೆ ಕ್ರಮವನ್ನು ಹೇಳಬಹುದು, ಹೇಳಲಿ. ಕ್ರಮವೇ ಇಲ್ಲದಿರುವುದಕ್ಕಿಂತ ಜಗಳಕ್ಕೆ ಆಸ್ಪದ ಕೊಡುವ ಕ್ರಮ ಲೇಸು.

ಕೈಹೊತ್ತಿಗೆಯ ಮೇಲೆ ಗೌರವಾರ್ಹವಾದ ಆಕ್ಷೇಪವೊಂದುಂಟು. ಅದು ಎಲ್ಲರನ್ನೂ ಒಂದೇ ಜಾಡಿನಲ್ಲಿ ಮೇಯಿಸುತ್ತದೆ. ನೋಡುವವನ ಸ್ವಂತ ಕಣ್ಣನ್ನು ಕಟ್ಟುತ್ತದೆ. ಆಳಲು ಬಂದವರ ಕಣ್ಣಿನಿಂದ ನಾಡನ್ನು ನೋಡುವುದನ್ನು ಕಲಿಸಿದ್ದೂ ಅದೇ ಎಂಬುದು ಆ ಆಕ್ಷೇಪದ ಸಾರ. ಇದರಲ್ಲಿ ಸತ್ಯಾಂಶವಿದೆ. ಲಂಡನ್ನಿನ ಮರ್ರೆ ಪ್ರಕಾಶಕರ ಮೊದಲ ಕೈಪಿಡಿ ಹೊರಟಿದ್ದು 1836ರಲ್ಲಿ. ಅವರು 1859ರಲ್ಲಿ ಭಾರತದ ಕೈಪಿಡಿಯನ್ನು ಹೊರತಂದುದು ಇಲ್ಲಿಯವರಿಗಾಗಿ ಅಲ್ಲ, ಇಲ್ಲಿಗೆ ಅಧಿಕಾರಕ್ಕೆ ಬರುವವರಿಗಾಗಿ. ಆದರೆ ಅದಕ್ಕೆ ಪರಿಹಾರವೇನು? ಇಲ್ಲಿಯವರು ಬರೆಯುವುದು. ಮೈಸೂರು ಸಂಸ್ಥಾನದಲ್ಲಿ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಮೇಲೆ 1917ರಲ್ಲಿಯೂ ಬೇಲೂರಿನ ಮೇಲೆ 1919ರಲ್ಲಿಯೂ ಸಣ್ಣ ಸಚಿತ್ರ ಗ್ರಂಥಗಳನ್ನು ಹೊರತಂದು ದಾರಿ ತೋರಿಸಿದರು. ಅವು ಇಂಗ್ಲಿಷಿನಲ್ಲಿದ್ದುವೆಂಬುದೊಂದೇ ಕೊರತೆ. ವಿ. ಸೀತಾರಾಮಯ್ಯನವರ ಪಂಪಾಯಾತ್ರೆಯಾದರೋ ಹಂಪೆಯನ್ನು ಕನ್ನಡದ ಕಣ್ಣಿನಿಂದಲೇ ಕಂಡಿತು. ಹಂಪೆಗೆ ಸಂದ ಭಾಗ್ಯ ಹರಿಹರಕ್ಕೆ ಏಕೆ ಸಲ್ಲಬಾರದು?

ಜಾಡಿನ ಮಾತಿಗೆ ಬಂದರೆ, ಇಂದು ಜನರನ್ನು ಒಂದೇ ಜಾಡಿಗೆ ಅಟ್ಟುತ್ತಿರುವುದು ಯಾವುದೆಂಬುದನ್ನು ದೋಸೆಯ ಅಂಗಡಿಯ ಮುಂದಣ ಸಾಲನ್ನು ನೋಡಿದವರು ತಾವೇ ನಿರ್ಣಯಿಸಬಹುದು. ಹೊತ್ತಿಗೆಯ ಜಾಡಿನಿಂದ ಹೊರಗೆ ಹೆಜ್ಜೆಯಿಡುವುದು ಸುಲಭ. ಮುಚ್ಚಿ ಕಿಸೆಗೆ ಹಾಕಿದರಾಯಿತು. ಅದು ಹಿಂಬಾಲಿಸಿ ಬಂದು ಕೂಗುವುದಿಲ್ಲ.

ಪ್ರವಾಸಿಯೆಂದರೆ ಕ್ಯಾಮೆರಾ ತೂಗಿಕೊಂಡು ಬಂದ ಪರದೇಶದವನೆಂಬ ಭ್ರಮೆಯನ್ನೂ ಕೈಬಿಡಬೇಕು. ದಾವಣಗೆರೆಗೆ ಬರುವವರಾರು? ಮದುವೆಗೆ ಬಂದು ಮುಹೂರ್ತದ ಮಾರನೆಯ ದಿನ ರೈಲಿಗೆ ಕಾಯುವ ನೆಂಟರು. ಪರೀಕ್ಷೆಗೆ ಮಗಳನ್ನು ಕರೆತಂದು ಕಾಲೇಜಿನ ಗೇಟಿನ ಹೊರಗೆ ಮೂರು ತಾಸು ನಿಲ್ಲುವ ತಂದೆ. 1965ರಿಂದ ವೈದ್ಯಕೀಯ ಕಾಲೇಜುಳ್ಳ ಈ ಊರಿನ ಆಸ್ಪತ್ರೆಗಳಲ್ಲಿ ಮಂಚದ ಪಕ್ಕ ಕುಳಿತು ಸವೆದ ರೋಗಿಯ ಮನೆಯವರು. ಅಡಕೆ, ಮೆಕ್ಕೆಜೋಳಗಳ ವ್ಯವಹಾರಕ್ಕೆ ಬಂದ ರೈತರು. ಇವರಿಗೆ ಅರ್ಧ ದಿನದ ಬಿಡುವುಂಟು, ಕನ್ನಡ ಓದಲು ಬರುತ್ತದೆ. "ಇಲ್ಲಿ ಏನಿದೆ" ಎಂದು ಫೋನನ್ನು ಕೇಳಬೇಕೆಂಬ ಯೋಚನೆ ಬರುವುದಿಲ್ಲ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ, ಆಸ್ಪತ್ರೆಯ ಮುಂದಣ ಚಹದಂಗಡಿಯಲ್ಲಿ ಒಂದು ಸಣ್ಣ ಹೊತ್ತಿಗೆ ತೂಗಾಡುತ್ತಿದ್ದರೆ ಅದು ಇವರ ಕೈಗೆ ಬರುತ್ತದೆ. ದುಃಖದ ನಡುವೆ ಒಂದು ಮಧ್ಯಾಹ್ನ ಹೊಳೆಯ ದಡಕ್ಕೆ ಹೋಗಿಬರುವುದು ಐಷಾರಾಮವಲ್ಲ, ಮನಸ್ಸಿಗೆ ಮದ್ದು.

ಆ ಹೊತ್ತಿಗೆ ಹೇಗಿರಬೇಕು? ಅಂಗಿಯ ಕಿಸೆಗೆ ಹಿಡಿಯಬೇಕು. ಬೆಲೆ, ಬಾಡಿಗೆ, ವೇಳಾಪಟ್ಟಿಗಳು ಅದರಲ್ಲಿ ಒಂದೂ ಇರಬಾರದು. ಅವು ಫೋನಿನ ಪಾಲು. ಬೇಗ ಬದಲಾಗುವುದನ್ನು ಫೋನಿಗೂ, ಬದಲಾಗದುದನ್ನು ಹೊತ್ತಿಗೆಗೂ ಹಂಚಿಕೊಟ್ಟರೆ ಇವೆರಡಕ್ಕೆ ಜಗಳವೇ ಇಲ್ಲ. ನಡೆಯುವ ದಾರಿಯ ಒಂದು ನಕ್ಷೆಯಿರಬೇಕು. ಪುರಾಣವನ್ನು ಪುರಾಣವೆಂದು, ಶಾಸನವನ್ನು ಶಾಸನವೆಂದು, ಊರಿನ ಹೇಳಿಕೆಯನ್ನು ಹೇಳಿಕೆಯೆಂದು ಬೇರ್ಪಡಿಸಿ ಬರೆದಿರಬೇಕು. ಜಾಹೀರಾತು ಇರಕೂಡದು, ಜಾಹೀರಾತು ಹೊಕ್ಕ ಮನೆಯಿಂದ ಸತ್ಯ ಹಿತ್ತಲಬಾಗಿಲಿನಿಂದ ಹೊರಡುತ್ತದೆ. ಬರೆದವರ ಹೆಸರೂ ಅಚ್ಚಾದ ವರ್ಷವೂ ಮೊದಲ ಪುಟದಲ್ಲಿಯೇ ಇರಬೇಕು. ತಪ್ಪು ಕಂಡವರು ಬರೆದು ತಿಳಿಸಲು ವಿಳಾಸವಿರಬೇಕು. ಕೆಲವು ವರ್ಷಗಳಿಗೊಮ್ಮೆ ತಿದ್ದಿ ಮರುಮುದ್ರಿಸಬೇಕು.

ಇದನ್ನು ಮಾಡುವವರು ಯಾರು? ವ್ಯಾಪಾರದ ಪ್ರಕಾಶಕರಿಗೆ ಇದರಲ್ಲಿ ಲಾಭ ಕಾಣದು; ಸರಕಾರದ ಇಲಾಖೆಗಳಿಗೆ ಮಡಿಸಿದ ಬಣ್ಣದ ಹಾಳೆಯೇ ಸಾಕು. ಉಳಿದವರು ಜಿಲ್ಲೆಯ ಸಾಹಿತ್ಯಸಂಘಗಳವರು. ವರ್ಷಕ್ಕೊಂದು ಅಭಿನಂದನಗ್ರಂಥವನ್ನು ಐನೂರು ಪುಟಗಳಲ್ಲಿ ಅಚ್ಚು ಹಾಕಿಸಿ, ಅದನ್ನು ಹಾರತುರಾಯಿಗಳ ಜೊತೆಯಲ್ಲಿ ಹಂಚಿ, ಉಳಿದ ಪ್ರತಿಗಳನ್ನು ಗೆದ್ದಲಿಗೆ ಒಪ್ಪಿಸುವುದಕ್ಕೆ ಹಣ ಹೊಂದುತ್ತದೆ. ಅರುವತ್ತು ಪುಟದ ಕೈಹೊತ್ತಿಗೆಗೆ ಮಾತ್ರ ಹೊಂದುವುದಿಲ್ಲವೆಂದರೆ ಯಾರು ನಂಬುವರು? ಕೊರತೆಯಿರುವುದು ಹಣಕ್ಕಲ್ಲ, ಮನಸ್ಸಿಗೆ. "ಇಲ್ಲಿ ಏನಿದೆ" ಎಂಬ ಶಲ್ಯನ ಮಾತನ್ನು ಸಂಘಗಳೂ ಒಳಗೊಳಗೆ ನಂಬಿವೆ. ಅದೇ ನಿಜವಾದ ವ್ಯಾಧಿ. 1997ರಲ್ಲಿ ಜಿಲ್ಲೆಯೆನಿಸಿಕೊಂಡ ಊರು ತನ್ನನ್ನು ತಾನು ನೋಡಿಕೊಳ್ಳಲು ಇನ್ನೂ ಕನ್ನಡಿ ಹಿಡಿಯುವುದಿಲ್ಲವಾದರೆ ಪರರು ನೋಡಲಿಲ್ಲವೆಂದು ದೂರುವುದಕ್ಕೆ ಅದಕ್ಕೆ ಬಾಯಿಲ್ಲ.

ಉತ್ತರಕುಮಾರನು ಬನ್ನಿಯ ಮರದಲ್ಲಿ ಹೆಣವನ್ನು ಕಟ್ಟಿದೆಯೆಂದು ತಿಳಿದು ಮುಟ್ಟಲು ಹೇಸಿದನು. ಗಂಟನ್ನು ಬಿಚ್ಚಿಸಿದಾಗ ಒಳಗಿದ್ದುದು ಗಾಂಡೀವ. ಆ ಮರ ದೂರದಲ್ಲಿರಲಿಲ್ಲ. ಅವನ ಊರಿನ ಹೊರವಲಯದಲ್ಲಿಯೇ ಇತ್ತು. ಏರಿ ಬಿಚ್ಚು ಎಂದು ಹೇಳುವ ಸಾರಥಿ ಮಾತ್ರ ಅಲ್ಲಿಯವರೆಗೆ ದೊರೆತಿರಲಿಲ್ಲ.